ಮಲೆನಾಡಿನ ಕ್ಲಿನಿಕ್ಕಿಗೆ ಎಂಥ ಸಾಫ್ಟ್‌ವೇರ್ ಬೇಕು?

ತೀರ್ಥಹಳ್ಳಿ, ಹೊಸನಗರದ ಕಡೆ ಕ್ಲಿನಿಕ್ ಇಟ್ಟಿರುವ ಕಿರಿಯ ವೈದ್ಯರು ‘ರೋಗಿಗಳ ದಾಖಲೆ ಇಡೋಕೆ ಯಾವ ಸಾಫ್ಟ್‌ವೇರ್ ಹಾಕಿಸೋದು ಸಾರ್?’ ಎಂದು ಕೇಳುತ್ತಾರೆ. ನೆಟ್‌ವರ್ಕ್ ಇಲ್ಲದಾಗ ಅದು ನಡೆಯುತ್ತದೆಯೇ ನೋಡಿ, ಮಿಕ್ಕಿದ್ದೆಲ್ಲ ಆಮೇಲೆ ಎನ್ನುತ್ತೇನೆ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಯಾವಾಗಲೋ. ಅಷ್ಟರಲ್ಲಿ ಟವರೂ ಸತ್ತಿರುತ್ತದೆ. ಬರೆದದ್ದು ನಮ್ಮ ಲ್ಯಾಪ್‌ಟಾಪಿನಲ್ಲೇ ಉಳಿದು, ಸಿಗ್ನಲ್ ಬಂದಾಗ ತಾನಾಗಿ ಸರ್ವರ್‌ಗೆ ಹೋಗಬೇಕು. ಹಾಗಿಲ್ಲದ್ದು ನಮ್ಮ ಕಡೆಗೆ ಖಂಡಿತ ಬೇಡ.

ಎಲ್ಲ ರೋಗಿಗಳನ್ನೂ ಒಟ್ಟಿಗೆ ಕಂಪ್ಯೂಟರಿಗೆ ಏರಿಸಲು ಹೋದರೆ ವಾರದೊಳಗೆ ಸಾಕಾಗುತ್ತದೆ. ನೆಗಡಿ, ಮೈಕೈ ನೋವಿಗೆ ಚೀಟಿಯೇ ಸಾಕು. ಬಿಪಿ, ಶುಗರ್, ಹೃದಯ, ಕಿಡ್ನಿ ತೊಂದರೆ ಇರುವವರಿಂದ ಶುರುಮಾಡಿ: ಈಗ ನುಂಗುತ್ತಿರುವ ಮಾತ್ರೆಗಳು, ಯಾವ ಔಷಧಿ ಒಗ್ಗುವುದಿಲ್ಲ, ಹಿಂದಿನ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ), ಹಳೆಯ ಇಸಿಜಿ.

ಇಸಿಜಿಯ ಬಗ್ಗೆ ಒತ್ತಿ ಹೇಳಬೇಕು. ಆ ಕಾಗದದ ಗೆರೆ ಶಾಯಿಯದಲ್ಲ, ಶಾಖದಿಂದ ಮೂಡಿದ್ದು. ರೋಗಿಗಳು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತರುವಷ್ಟರಲ್ಲಿ ಎಷ್ಟೋ ಸಲ ಮಾಸಿ ಬೆಳ್ಳಗಾಗಿರುತ್ತದೆ. ರಾತ್ರಿ ಎದೆನೋವೆಂದು ಬಂದವರ ಇಸಿಜಿಯಲ್ಲಿ ವ್ಯತ್ಯಾಸ ಕಂಡರೆ ಅದು ಇವತ್ತಿನದೋ, ಐದು ವರ್ಷದಿಂದ ಇರುವುದೋ? ಹಳೆಯದೊಂದು ಪಕ್ಕದಲ್ಲಿದ್ದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕಳಿಸುವ ನಿರ್ಧಾರಕ್ಕೆ ಬಲ ಬರುತ್ತದೆ. ಆದ್ದರಿಂದ ತೆಗೆದ ದಿನವೇ ಸ್ಕ್ಯಾನ್ ಮಾಡಿಡಿ. ಡಿಜಿಟಲ್ ದಾಖಲೆಯಿಂದ ಇದಕ್ಕಿಂತ ದೊಡ್ಡ ಉಪಕಾರ ನಾನು ಕಂಡಿಲ್ಲ.

ಕಾಡಂಚಿನವರ ಜ್ವರವನ್ನೂ ಬಿಡದೆ ದಾಖಲಿಸಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಇಂದಿಗೂ ಬೇಸಿಗೆಗೆ ಮೊದಲೇ ತಲೆ ಎತ್ತುತ್ತದೆ. ಜ್ವರ ಹಿಡಿದ ದಿನ, ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದರೇ, ಪ್ಲೇಟ್‌ಲೆಟ್ ಎಷ್ಟು, ಇವಿಷ್ಟು ಬರೆದಿರಲಿ. ಕೆಲವರಲ್ಲಿ ಇಳಿದ ಜ್ವರ ಒಂದೆರಡು ವಾರ ಬಿಟ್ಟು ಮರುಕಳಿಸುತ್ತದೆ. ಮೊದಲ ದಿನಾಂಕ ಇಲ್ಲದಿದ್ದರೆ ಹೊಸ ಜ್ವರವೆಂದೇ ಮೋಸಹೋಗುತ್ತೇವೆ.

ಇನ್ನು ಆಭಾ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಸಂಖ್ಯೆ ಇದು. ಐದು ಲಕ್ಷದ ಚಿಕಿತ್ಸೆಯ ಕಾರ್ಡೇ ಇದು ಎಂದುಕೊಂಡವರು ಬಹಳ. ಅದು ಬೇರೆ, ಇದು ದಾಖಲೆಗಳನ್ನು ಜೋಡಿಸುವ ನಂಬರ್ ಎಂದು ಬಿಡಿಸಿ ಹೇಳಿ. ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ಕಾಣಬೇಕಾದರೆ ರೋಗಿಯ ಒಪ್ಪಿಗೆ ಬೇಕು. ನಮ್ಮಲ್ಲಿ ತೊಡಕು ಇಲ್ಲೇ: ಅಜ್ಜಿ ನಮ್ಮೆದುರು ಕೂತಿರುತ್ತಾರೆ, ಓಟಿಪಿ ಬೆಂಗಳೂರಿನ ಮಗನ ಫೋನಿಗೆ ಹೋಗಿರುತ್ತದೆ, ಮಗ ಮೀಟಿಂಗಿನಲ್ಲಿ. ಮನೆಯಲ್ಲೇ ಇರುವ ಫೋನಿನ ನಂಬರನ್ನು ನೋಂದಣಿ ದಿನವೇ ಹಾಕಿಸಿ.