ಟಾರ್ಚ್ ಮುಚ್ಚಿದ ಮೇಲೆ

ರಾತ್ರಿ ಕಡಲಿಗೆ ಇಳಿಯಲು ಹೊರಟವರು ಮೊದಲು ಕೇಳುವುದು ಟಾರ್ಚಿನ ಬಗ್ಗೆ. ಎಷ್ಟು ಪ್ರಖರ, ಎಷ್ಟು ಹೊತ್ತು ಉರಿಯುತ್ತದೆ, ಯಾವ ಬ್ಯಾಟರಿ. ನಾನೂ ಹಾಗೇ ಕೇಳಿದ್ದೆ. ಸಾಲದ್ದಕ್ಕೆ ಇನ್ನೊಂದು ಜಾಣತನವನ್ನೂ ಮಾಡಿದ್ದೆ: ಅಂಜಿಕೆ ಸ್ವಲ್ಪ ಕಡಿಮೆಯಾಗಲಿ ಎಂದು ಹುಣ್ಣಿಮೆಯ ರಾತ್ರಿಯನ್ನೇ ಆರಿಸಿಕೊಂಡಿದ್ದೆ. ತಳದ ಮರಳಿನ ಗೆರೆಗಳೆಲ್ಲ ಕಾಣುವಷ್ಟು ಬೆಳದಿಂಗಳು. ಏಡಿ ಕಂಡಿತು, ಬಂಡೆಯ ಸಂದಿನಲ್ಲಿ ನಿದ್ದೆ ಹೋದ ಮೀನು ಕಂಡಿತು. ತಾನಾಗಿ ಹೊಳೆಯುವ ಜೀವಿ ಮಾತ್ರ ಒಂದೂ ಕಾಣಲಿಲ್ಲ. ಹಾಡುಹಗಲಲ್ಲಿ ನಕ್ಷತ್ರ ಹುಡುಕಲು ಹೊರಟವನ ಪಾಡು.

ಜೀವದೀಪ್ತಿ, ಅಂದರೆ ಜೀವಿಗಳು ತಾವೇ ಹೊಮ್ಮಿಸುವ ಬೆಳಕು, ನೋಡುವ ಡೈವ್‌ಗೆ ಬೇಕಾದ ಮುಖ್ಯ ಸಲಕರಣೆ ಕತ್ತಲು. ಅದು ಬಾಡಿಗೆಗೆ ಸಿಗುವುದಿಲ್ಲ, ಲೆಕ್ಕ ಹಾಕಿ ಹುಡುಕಿಕೊಳ್ಳಬೇಕು. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಮೂಡುತ್ತಾನೆ. ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ ಮಾಡುತ್ತಾ ಹೋಗುತ್ತಾನೆ. ಬಹುಳ ತದಿಗೆಯ ಹೊತ್ತಿಗೆ ಸೂರ್ಯಾಸ್ತಕ್ಕೂ ಚಂದ್ರೋದಯಕ್ಕೂ ನಡುವೆ ಸುಮಾರು ಎರಡೂವರೆ ಗಂಟೆಯ ಸಂದು ಸಿಗುತ್ತದೆ. ಮೊದಲ ಒಂದು ಗಂಟೆ ಮುಸ್ಸಂಜೆಯ ಬೆಳಕಿಗೆ ಹೋದರೂ ಒಂದೂವರೆ ಗಂಟೆ ಅಪ್ಪಟ ಕತ್ತಲು ಉಳಿಯಿತು. ಅಮಾವಾಸ್ಯೆಯಾದರೆ ಇಡೀ ರಾತ್ರಿಯೇ ನಮ್ಮದು. ಆದರೆ ಹುಣ್ಣಿಮೆ, ಅಮಾವಾಸ್ಯೆ ಎರಡರ ಆಸುಪಾಸಿನಲ್ಲೂ ಉಬ್ಬರವಿಳಿತ ಜೋರು, ಸೆಳೆತ ಹೆಚ್ಚು. ಹಾಗಾಗಿ ಚಂದ್ರೋದಯದ ವೇಳೆಯ ಪಕ್ಕದಲ್ಲೇ ಉಬ್ಬರದ ವೇಳಾಪಟ್ಟಿಯನ್ನೂ ಇಟ್ಟುಕೊಂಡು, ನೀರು ನಿಂತಂತಿರುವ ಹೊತ್ತನ್ನು ಹೊಂದಿಸಬೇಕು.

ಇದೇ ಸಂದಿಗಾಗಿ ಕೆರಿಬಿಯನ್ ಕಡಲಿನ ಆಸ್ಟ್ರಕೋಡ್‌ಗಳೂ ಕಾದಿರುತ್ತವೆ. ಸೀಗಡಿಯ ದೂರದ ನೆಂಟ. ಎರಡು ಚಿಪ್ಪುಗಳ ನಡುವೆ ಮೈ ಮಡಚಿಕೊಂಡ, ಎಳ್ಳುಕಾಳಿನಷ್ಟು ದೊಡ್ಡ ಪ್ರಾಣಿ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಆಗಿ, ಆಕಾಶದಲ್ಲಿ ಚಂದ್ರನಿಲ್ಲದಿದ್ದರೆ, ಗಂಡುಗಳು ಹವಳದ ಬಂಡೆಯಿಂದ ಮೇಲೇಳುತ್ತವೆ. ಬಾಯಿಯ ಬಳಿಯ ಗ್ರಂಥಿಯಿಂದ ಒಂದಿಷ್ಟು ಲೋಳೆ ಉಗುಳಿದರೆ ನೀರಿನಲ್ಲಿ ಒಂದು ನೀಲಿ ಚುಕ್ಕೆ. ಸ್ವಲ್ಪ ಮುಂದೆ ಈಜಿ ಇನ್ನೊಂದು, ಮತ್ತೊಂದು. ಗಂಡು ಮುಂದೆ ಹೋದರೂ ಚುಕ್ಕೆ ಇದ್ದಲ್ಲೇ ಕೆಲಹೊತ್ತು ಉಳಿಯುವುದರಿಂದ ನಮಗೆ ಕಾಣುವುದು ದಾರದಲ್ಲಿ ಪೋಣಿಸಿದ ಮಣಿಸರ. ಒಂದು ಪ್ರಭೇದದ ಸರ ನೆಟ್ಟಗೆ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ, ಮತ್ತೊಂದರದು ಓರೆಯಾಗಿ. ಮಣಿಗಳ ನಡುವಿನ ಅಂತರವೂ ಒಂದೊಂದರದು ಒಂದೊಂದು ಬಗೆ. ಹೆಣ್ಣು ತಾನು ಬೆಳಕು ಬೀರದೆ, ಸರದ ಜಾಡು ಹಿಡಿದು ಮುಂದಿನ ಮಣಿ ಎಲ್ಲಿ ಮೂಡಬಹುದೋ ಅಲ್ಲಿಗೆ ಈಜುತ್ತದೆ. ಇದರ ಬಂಧುಗಳು ಬೇರೆ ಕಡಲುಗಳಲ್ಲೂ ಇವೆ, ಆದರೆ ಅವು ಬೆಳಕನ್ನು ಬಳಸುವುದು ಜೀವ ಉಳಿಸಿಕೊಳ್ಳಲು ಮಾತ್ರ. ನುಂಗಿದ ಮೀನಿನ ಬಾಯೊಳಗೇ ಅವು ಬೆಳಕು ಚೆಲ್ಲುತ್ತವೆ. ಮೈಯೆಲ್ಲ ಪಾರದರ್ಶಕವಾದ ಪುಟ್ಟ ಮೀನಾದರೆ ಲಾಟೀನಿನಂತೆ ಬೆಳಗಿ, ತನ್ನನ್ನು ತಿನ್ನುವವರಿಗೆ ತಾನೇ ವಿಳಾಸ ಕೊಟ್ಟಂತಾಗುತ್ತದೆ, ತಕ್ಷಣ ಉಗುಳಿಬಿಡುತ್ತದೆ.

ಬರ್ಮುಡಾದ ಬೆಂಕಿಹುಳಗಳು ಇನ್ನೂ ಕಟ್ಟುನಿಟ್ಟು. ಹುಣ್ಣಿಮೆ ಕಳೆದ ಎರಡು ಮೂರು ರಾತ್ರಿ, ಸೂರ್ಯಾಸ್ತವಾಗಿ ಸುಮಾರು 55 ನಿಮಿಷಕ್ಕೆ ಹೆಣ್ಣುಗಳು ಮೇಲೆ ಬಂದು ಹಸಿರುನೀಲಿ ಬೆಳಕಿನ ವೃತ್ತ ಬರೆಯುತ್ತಾ ಸುತ್ತುತ್ತವೆ, ಗಂಡುಗಳು ಕೆಳಗಿನಿಂದ ಮಿನುಗುತ್ತಾ ಅತ್ತ ಧಾವಿಸುತ್ತವೆ. ತಡವಾಗಿ ಹೊರಟ ದೋಣಿಗೆ ಸಿಗುವುದು ಕತ್ತಲ ನೀರು ಅಷ್ಟೆ.

ಈ ಬೆಳಕಿನ ಗುಟ್ಟನ್ನು ಮೊದಲು ಬಿಡಿಸಿದ್ದು ಫ್ರಾನ್ಸಿನ ರಾಫೇಲ್ ದ್ಯುಬ್ವಾ. 1880ರ ದಶಕದಲ್ಲಿ ಅವರು ಹೊಳೆಯುವ ಜೀರುಂಡೆಯನ್ನೂ ಆಮೇಲೆ ಕಲ್ಲು ಕೊರೆಯುವ ಚಿಪ್ಪುಜೀವಿಯನ್ನೂ ಅರೆದು ಪರೀಕ್ಷಿಸಿದರು. ತಣ್ಣೀರಿನಲ್ಲಿ ಕಲಸಿದ ರಸ ಸ್ವಲ್ಪ ಹೊತ್ತು ಹೊಳೆದು ಆರಿತು. ಬಿಸಿನೀರಿನ ರಸ ಹೊಳೆಯಲೇ ಇಲ್ಲ. ಬೆಳಕಿಲ್ಲದ ಈ ಎರಡನ್ನೂ ಬೆರೆಸಿದಾಗ ಬೆಳಕು ಮರಳಿತು! ಮೊದಲಿನದರಲ್ಲಿ ಇಂಧನ ಖಾಲಿಯಾಗಿ ಕಿಣ್ವ ಉಳಿದಿತ್ತು, ಎರಡನೆಯದರಲ್ಲಿ ಕಿಣ್ವ ಕೆಟ್ಟು ಇಂಧನ ಉಳಿದಿತ್ತು. ಇಂಧನಕ್ಕೆ ಲೂಸಿಫೆರಿನ್, ಕಿಣ್ವಕ್ಕೆ ಲೂಸಿಫೆರೇಸ್ ಎಂಬ ಹೆಸರಾಯಿತು. ಜಪಾನಿನ ಒಸಾಮು ಶಿಮೊಮುರ 1956ರಲ್ಲಿ ಆಸ್ಟ್ರಕೋಡ್‌ನ ಲೂಸಿಫೆರಿನ್ ಅನ್ನು ಹರಳುಗಟ್ಟಿಸಿದರು. ಮುಂದೆ ಲೋಳೆಮೀನಿನ ಬೆಳಕಿನ ಬೆನ್ನು ಹತ್ತಿದಾಗ, ಕೆಲಸಕ್ಕೆ ಬಾರದೆಂದು ಸಿಂಕಿಗೆ ಚೆಲ್ಲಿದ ರಸ ಅಲ್ಲಿದ್ದ ಕಡಲ ನೀರು ತಾಗಿದ್ದೇ ಭಗ್ಗನೆ ಹೊಳೆಯಿತು. ಅದಕ್ಕೆ ಬೇಕಿದ್ದದ್ದು ಕ್ಯಾಲ್ಸಿಯಂ. ಅದೇ ಲೋಳೆಮೀನಿನಲ್ಲಿ ಸಿಕ್ಕ ಹಸಿರು ಪ್ರೋಟೀನಿಗಾಗಿ 2008ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು.

ಕಡಲ ಜೀವಿಗಳ ಬೆಳಕು ಹೆಚ್ಚಾಗಿ ನೀಲಿ, ಏಕೆಂದರೆ ನೀರಿನಲ್ಲಿ ಬಹು ದೂರ ಸಾಗುವ ಬಣ್ಣ ಅದೇ. ನಮ್ಮ ಅದೃಷ್ಟಕ್ಕೆ, ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕಂಬಿಕೋಶಗಳಿಗೂ ನೀಲಿಹಸಿರು ಚೆನ್ನಾಗಿ ಹಿಡಿಸುತ್ತದೆ. ಆದರೆ ಅವು ಪೂರ್ತಿ ಎಚ್ಚರಗೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಯಾರಾದರೂ ಮುಖಕ್ಕೆ ಟಾರ್ಚ್ ಹಿಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ದೋಣಿಯಲ್ಲಿ ಕುಳಿತಾಗಿನಿಂದಲೇ ಫೋನ್ ನೋಡದಿರುವುದು, ಗಾಳಿ, ಆಳ ತೋರಿಸುವ ಮೀಟರ್ ಓದಲು ಮಂದ ಕೆಂಪು ದೀಪ ಬಳಸುವುದು ಇದಕ್ಕಾಗಿಯೇ. ಮಂದವಾದ ಚುಕ್ಕೆಯನ್ನು ನೇರ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ.

ಇನ್ನೊಂದು ಗೊಂದಲ ಕಳೆಯಬೇಕು. ಟಾರ್ಚ್ ಬಿಟ್ಟಾಗ ಬಾಚಣಿಗೆ ಲೋಳೆಮೀನಿನ ಪಕ್ಕೆಗಳಲ್ಲಿ ಕಾಮನಬಿಲ್ಲಿನ ಬಣ್ಣ ಹರಿದಾಡುತ್ತದೆ. ಅದು ನಮ್ಮದೇ ಬೆಳಕು, ಅದರ ರೋಮಸಾಲುಗಳಲ್ಲಿ ಚದುರಿದ್ದು. ಅದರ ಸ್ವಂತ ಬೆಳಕು ಬೇಕಿದ್ದರೆ ಟಾರ್ಚ್ ಮುಚ್ಚಿ, ಪಕ್ಕದ ನೀರನ್ನು ಮೆಲ್ಲಗೆ ಕಲಕಬೇಕು. ನೀಲಿ ಟಾರ್ಚಿನಡಿ ಹವಳ ಹಸಿರಾಗಿ ಹೊಳೆಯುವುದೂ ಎರವಲು ಬೆಳಕಿನಿಂದಲೇ. ದೀಪ ಆರಿದರೆ ಅದೂ ಆರಿತು.

ಹಾಗಾದರೆ ನಿಜವಾದ ಘಳಿಗೆಯೆಂದರೆ ಟಾರ್ಚ್ ಮುಚ್ಚುವ ಘಳಿಗೆ, ಯೋಜನೆಯೆಲ್ಲ ಅದರ ಸುತ್ತಲೇ. ಅದೇ ಜಾಗದಲ್ಲಿ ಹಗಲಲ್ಲಿ ಒಮ್ಮೆ ಇಳಿದು ಬಂದಿರಬೇಕು. ಆಳ ಹತ್ತು ಮೀಟರಿನೊಳಗೇ ಇರಲಿ. ಪ್ರತಿಯೊಬ್ಬರ ಬಳಿ ಎರಡು ಟಾರ್ಚ್. ಈಜುತ್ತಿರುವಾಗ ಯಾರೂ ಬೆಳಕು ಆರಿಸಕೂಡದು. ಮುಳ್ಳಿನ ಸೀ ಅರ್ಚಿನ್ ಇಲ್ಲವೆಂದು ನೋಡಿಕೊಂಡು, ಹವಳವಿಲ್ಲದ ಬರಿ ಮರಳಿನ ಮೇಲೆ ಮಂಡಿಯೂರಿ, ತೋಳಿಗೆ ತೋಳು ತಾಗುವಂತೆ ಕೂರಬೇಕು. ಆಮೇಲೆ ಟಾರ್ಚನ್ನು ಎದೆಗೆ ಒತ್ತಿ ಹಿಡಿಯಬೇಕು. ಆಫ್ ಮಾಡುವುದಕ್ಕಿಂತ ಇದು ವಾಸಿ: ಆಫ್ ಮಾಡಿದ ಟಾರ್ಚ್ ಮತ್ತೆ ಹತ್ತದಿದ್ದರೆ ಅದನ್ನು ಕಂಡುಕೊಳ್ಳುವ ಜಾಗ ಅದಲ್ಲ. ಕತ್ತಲಲ್ಲಿ ಕೈಸನ್ನೆ ಕಾಣುವುದಿಲ್ಲವಾದ್ದರಿಂದ ತೋಳು ಹಿಸುಕುವ ಸಂಕೇತಗಳನ್ನು ಮೇಲೆಯೇ ಮಾತಾಡಿಕೊಂಡಿರಬೇಕು. ಮೊದಲ ಅರ್ಧ ನಿಮಿಷ ಮೇಲು ಕೆಳಗು ತಿಳಿಯದೆ ತಲೆ ತಿರುಗಿದಂತಾಗಬಹುದು. ಮಂಡಿಯಡಿಯ ಮರಳು ಕೆಳಗು, ಕೆನ್ನೆ ಸವರಿ ಹೋಗುವ ಗುಳ್ಳೆ ಮೇಲು; ಅಷ್ಟು ನೆನಪಿದ್ದರೆ ಸಾಕು.

ಕೈ ಒಮ್ಮೆ ಬೀಸಿ. ಬೆರಳುಗಳ ಹಿಂದೆ ಕಿಡಿ ಎದ್ದರೆ ಅವು ಡೈನೊಫ್ಲಾಜೆಲೇಟ್‌ಗಳು, ಒಂದೇ ಕೋಶದ ಜೀವಿಗಳು. ಒಂದೊಂದು ಮಿಂಚೂ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ತಮ್ಮನ್ನು ತಿನ್ನಬಂದ ಸಣ್ಣ ಜೀವಿಯ ಮೇಲೆ ಬೆಳಕು ಚೆಲ್ಲಿ, ಅದನ್ನು ತಿನ್ನುವ ದೊಡ್ಡದನ್ನು ಕರೆಯುವ ಕೂಗು ಅದು ಎಂಬುದೊಂದು ವಾದ. ಹಾಗಿದ್ದರೆ ನಿಮ್ಮ ಕೈ ಈಗ ಕಳ್ಳ. ಕಲಕುತ್ತಲೇ ಇದ್ದರೆ ಅವುಗಳ ಬೆಳಕು ಮುಗಿದೂಬಿಡುತ್ತದೆ, ಮತ್ತೆ ತುಂಬಿಕೊಳ್ಳಲು ಸಮಯ ಬೇಕು. ಇವುಗಳಷ್ಟನ್ನೇ ನೋಡುವ ಆಸೆಯಿದ್ದರೆ ಡೈವ್ ಮಾಡಲೇಬೇಕೆಂದೇನೂ ಇಲ್ಲ, ದಡದಲ್ಲಿ ಕಾಲು ಇಳಿಬಿಟ್ಟರೂ ಆಯಿತು. ಅವು ಕಿಕ್ಕಿರಿದ ನೀರು ಎಷ್ಟೋ ಸಲ ರಾಡಿಯಾಗಿರುತ್ತದೆ, ಕೆಲವು ಬಗೆಯವು ವಿಷ ತಯಾರಿಸುವುದೂ ಉಂಟು. ಪೋರ್ಟೊ ರಿಕೊದ ವಿಯೆಕೆಸ್ ದ್ವೀಪದಲ್ಲಿರುವ ಹೆಸರಾಂತ ಮಸ್ಕಿಟೊ ಕೊಲ್ಲಿಯಲ್ಲಿ ಈಜುವುದೇ ನಿಷಿದ್ಧ, ದೋಣಿಯಿಂದಲೇ ನೋಡಬೇಕು.

ಕ್ಯಾಮೆರಾ ಬೇಡವೆಂದೇ ನನ್ನ ಸಲಹೆ. ಫೋಟೋಗಳಲ್ಲಿ ಉರಿಯುವ ನೀಲಿ ಅಲೆಗಳು ಬಹಳಷ್ಟು ಸಲ ಕ್ಯಾಮೆರಾದ ಕಣ್ಣನ್ನು ಹೊತ್ತುಗಟ್ಟಲೆ ತೆರೆದಿಟ್ಟು ಹಿಡಿದವು, ಬರಿಗಣ್ಣಿಗೆ ಅಷ್ಟು ಕಡುಬಣ್ಣ ಕಾಣದು.

ವಾಪಸು ಬರುವಾಗ ಐದು ಮೀಟರ್ ಆಳದಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲುವುದು ಡೈವರ್‌ಗಳಿಗೆ ರೂಢಿ. ಹಗಲಲ್ಲಿ ಅದು ಬೇಸರದ ಕಾಯುವಿಕೆ. ರಾತ್ರಿ ಹಗ್ಗ ಹಿಡಿದು, ಟಾರ್ಚಿನ ಮೇಲೆ ಅಂಗೈ ಮುಚ್ಚಿ ನಿಂತರೆ ಕಾಲ ಕೆಳಗಿನ ಕತ್ತಲಿನಿಂದ ಮಣಿಸರಗಳು ಒಂದರ ಪಕ್ಕ ಒಂದು ಏರಿ ಬರುತ್ತಿರುತ್ತವೆ. ಅಷ್ಟರಲ್ಲಿ ನೀರಿನ ಮೇಲ್ಮೈ ಪೂರ್ವದ ಕಡೆ ಬೂದಿಬಣ್ಣಕ್ಕೆ ತಿರುಗಿದರೆ ಚಂದ್ರ ಬಂದ ಎಂದರ್ಥ. ಇನ್ನು ಹೊಸ ಸರ ಶುರುವಾಗುವುದಿಲ್ಲ.