ಈಟಿ ಹಿಡಿದವರೇ ಮೀನು ಎಣಿಸಿಕೊಡುವ ಸರೋವರ

ಮೀನು ಉಳಿಯಬೇಕು ಅಂದರೆ ಹಿಡಿಯುವುದನ್ನೇ ನಿಲ್ಲಿಸಬೇಕು, ಅಲ್ವಾ? ನೀರಿನಲ್ಲಿ ಮೀನು ಎಷ್ಟಿದೆ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ಆಗಾಗ ನನ್ನ ಮುಂದೆ ಬರುತ್ತದೆ. ಆಗೆಲ್ಲ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿನ್ನೆಬೇಗೊ ಸರೋವರದ ಮಾತು ತೆಗೆಯುತ್ತೇನೆ. ಫೆಬ್ರವರಿಯಲ್ಲಿ ಸಾವಿರಾರು ಜನ ಅಲ್ಲಿ ಈಟಿ ಹಿಡಿದು ಸ್ಟರ್ಜನ್ ಎಂಬ ಭಾರಿ ಗಾತ್ರದ ಮೀನಿಗಾಗಿ ಕಾಯುತ್ತಾರೆ. ಆದರೂ ಲೇಕ್ ಸ್ಟರ್ಜನ್ ಎಂಬ ಈ ಜಾತಿ ದೊಡ್ಡ ಸಂಖ್ಯೆಯಲ್ಲಿ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು.

ಸರೋವರ ಬಹಳ ದೊಡ್ಡದು, ಆದರೆ ಆಳ ಹೆಚ್ಚೆಂದರೆ 21 ಅಡಿ ಅಷ್ಟೇ. ಚಳಿಗಾಲದಲ್ಲಿ ಮೇಲ್ಭಾಗವೆಲ್ಲ ಗಟ್ಟಿ ಮಂಜುಗಡ್ಡೆ. ಜನ ಅದರ ಮೇಲೆ ಗಾಡಿ ಓಡಿಸಿಕೊಂಡು ಹೋಗಿ, ಗರಗಸದಿಂದ ಬಾಗಿಲಗಲದ ಕಿಂಡಿ ಕೊಯ್ಯುತ್ತಾರೆ. ಅದರ ಮೇಲೆ ಕಿಟಕಿಯಿಲ್ಲದ ಪುಟ್ಟ ಶೆಡ್ ತಂದು ಕೂರಿಸುತ್ತಾರೆ. ಬಾಗಿಲು ಹಾಕಿದರೆ ಒಳಗೆ ಕತ್ತಲು. ಹೊರಗಿನ ಬಿಸಿಲು ಮಂಜುಗಡ್ಡೆಯೊಳಗಿಂದ ಇಳಿದು, ಕೆಳಗಿನ ನೀರು ಮಾತ್ರ ಹಸಿರಾಗಿ ಬೆಳಗುತ್ತದೆ. ಬಣ್ಣ ಬಳಿದ ಮರದ ಮೀನೊಂದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟಿರುತ್ತಾರೆ. ಸ್ಟರ್ಜನ್ ಅದನ್ನು ನೋಡಲು ಬಂದೀತು ಎಂಬ ಆಸೆ. ಬಂದರೆ ನಾಲ್ಕೈದು ಮುಳ್ಳಿನ ಭಾರದ ಈಟಿಯನ್ನು ನೇರ ಕೆಳಗೆ ಬಿಡುತ್ತಾರೆ. ನೀರು ಕದಡಿದ್ದರೆ ಮೀನು ಕಾಲಡಿಯಲ್ಲೇ ಹಾದುಹೋದರೂ ಕಾಣುವುದಿಲ್ಲ. ಎಷ್ಟೋ ಜನ ಹಲವು ವರ್ಷ ಬರಿಗೈಯಲ್ಲೇ ಮನೆಗೆ ಹೋಗುತ್ತಾರೆ.

ಈ ಬೇಟೆಗೆ ಕಟ್ಟುಪಾಡು ಬಹಳ. ಯಾಕೆ ಅಂದರೆ, ಈ ಮೀನಿನ ಬದುಕೇ ನಿಧಾನ. ಹೆಣ್ಣು ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಇಪ್ಪತ್ತು ವರ್ಷ ದಾಟಿರುತ್ತದೆ. ಆಮೇಲೂ ಪ್ರತಿ ವರ್ಷ ಇಡುವುದಿಲ್ಲ, ಮೂರರಿಂದ ಐದು ವರ್ಷಕ್ಕೊಮ್ಮೆ. ಒಂದು ಪೀಳಿಗೆಯನ್ನು ಬಳಿದು ತೆಗೆದರೆ ತುಂಬಿಕೊಳ್ಳಲು ಮನುಷ್ಯನ ಅರ್ಧ ಆಯಸ್ಸೇ ಬೇಕು. 1915ರಲ್ಲಿ ಅಲ್ಲಿ ಸ್ಟರ್ಜನ್ ಹಿಡಿಯುವುದನ್ನೇ ನಿಷೇಧಿಸಿದ್ದರು. ಈಟಿಗೆ ಮತ್ತೆ ಅನುಮತಿ ಸಿಕ್ಕಿದ್ದು 1930ರ ದಶಕದಲ್ಲಿ.

ಈಗ ಫೆಬ್ರವರಿ ಎರಡನೇ ಶನಿವಾರ ಶುರು, ಹೆಚ್ಚೆಂದರೆ 16 ದಿನ. ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ಮಾತ್ರ. ಒಬ್ಬರಿಗೆ ಒಂದೇ ಮೀನು, ಅದೂ 36 ಇಂಚಿಗಿಂತ ಕಮ್ಮಿ ಇರಬಾರದು. ಲೈಸೆನ್ಸನ್ನು ಅಕ್ಟೋಬರ್ 31ರೊಳಗೇ ತೆಗೆದುಕೊಂಡಿರಬೇಕು. ಈ ಸಲ ನೀರು ತಿಳಿಯಾಗಿದೆಯಂತೆ ಎಂದು ಕೇಳಿ ಕೊನೆ ಗಳಿಗೆಯಲ್ಲಿ ಓಡಿಬರುವ ಹಾಗಿಲ್ಲ. ಮೊಟ್ಟೆ ಮಾರುವಂತಿಲ್ಲ. ನನಗೆ ತುಂಬ ಹಿಡಿಸುವ ನಿಯಮ ಇನ್ನೊಂದು: ಗಂಡು, ಬೆಳೆದ ಹೆಣ್ಣು, ಎಳೆಯ ಹೆಣ್ಣು, ಮೂರಕ್ಕೂ ಬೇರೆಬೇರೆ ಮಿತಿ. ಒಂದರ ಮಿತಿ ತುಂಬುತ್ತಾ ಬಂದರೂ ಇಡೀ ಬೇಟೆ ಬಂದ್. ಭಾರಿ ಮೀನುಗಳೆಲ್ಲ ಹೆಚ್ಚಾಗಿ ಹೆಣ್ಣೇ, ಎಲ್ಲರ ಕಣ್ಣೂ ಅವುಗಳ ಮೇಲೆಯೇ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದ್ದರೆ ಈ ತಾಯಿ ಮೀನುಗಳು ಸದ್ದಿಲ್ಲದೆ ಖಾಲಿಯಾಗುತ್ತಿದ್ದವು.

ಈ ಮಿತಿಗಳು ಎಲ್ಲಿಂದ ಬರುತ್ತವೆ? ವಸಂತದಲ್ಲಿ ಸ್ಟರ್ಜನ್ ಮೊಟ್ಟೆ ಇಡಲು ವುಲ್ಫ್ ನದಿಯ ಕಲ್ಲುದಂಡೆಗೆ ಬರುತ್ತದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜೀವಶಾಸ್ತ್ರಜ್ಞರು ಬಲೆಯಲ್ಲಿ ಎತ್ತಿ, ಅಳೆದು, ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಟ್ಯಾಗ್ ಸೇರಿಸಿ ಬಿಡುತ್ತಾರೆ. ಚಳಿಗಾಲದಲ್ಲಿ ಮೀನು ಸಿಕ್ಕವರು ಅದೇ ದಿನ ನೋಂದಣಿ ಕೇಂದ್ರಕ್ಕೆ ತರಲೇಬೇಕು. ಅಲ್ಲಿ ಉದ್ದ, ತೂಕ ನೋಡುತ್ತಾರೆ, ಗಂಡೋ ಹೆಣ್ಣೋ ಪರೀಕ್ಷಿಸುತ್ತಾರೆ, ಟ್ಯಾಗ್ ಇದೆಯೇ ಎಂದು ಮೈಮೇಲೆ ಸ್ಕ್ಯಾನರ್ ಆಡಿಸುತ್ತಾರೆ. ಉದಾಹರಣೆಗೆ, ಸಾವಿರ ಮೀನಿಗೆ ಟ್ಯಾಗ್ ಹಾಕಿದ್ದೀರಿ ಎನ್ನಿ. ಚಳಿಗಾಲದಲ್ಲಿ ಬಂದ ನೂರರಲ್ಲಿ ಹತ್ತಕ್ಕೆ ಟ್ಯಾಗ್ ಇದ್ದರೆ, ಟ್ಯಾಗ್ ಹಾಕಿದ ಸಾವಿರ ಒಟ್ಟಿನ ಹತ್ತನೇ ಒಂದು ಪಾಲು; ಅಂದರೆ ಒಟ್ಟು ಸುಮಾರು ಹತ್ತು ಸಾವಿರ ಇರಬೇಕು. ಅದರಲ್ಲಿ ನೂರಕ್ಕೆ ಐದನ್ನು ಮೀರಿ ತೆಗೆಯಬಾರದು ಎಂಬುದು ಲೆಕ್ಕ. ಅಂದರೆ ಮೀನು ಎತ್ತಿ ತಂದವನೇ ಮುಂದಿನ ವರ್ಷದ ಮಿತಿಗೆ ಅಂಕಿ ತಂದುಕೊಡುತ್ತಾನೆ. ಕದ್ದು ಮನೆಗೆ ಒಯ್ದ ಮೀನು ಒಂದು ಜೀವವನ್ನಷ್ಟೇ ಅಲ್ಲ, ಲೆಕ್ಕವನ್ನೂ ಕೆಡಿಸುತ್ತದೆ.

ಜನರಿಗೆ ಇದು ಚೆನ್ನಾಗಿ ಗೊತ್ತು. ಈಟಿಗಾರರೇ 1977ರಲ್ಲಿ ‘ಸ್ಟರ್ಜನ್ ಫಾರ್ ಟುಮಾರೊ’ ಎಂಬ ಸಂಘ ಕಟ್ಟಿ ಸಂಶೋಧನೆಗೆ ಹಣ ಕೂಡಿಸಿದರು. ಮೀನು ದಡಕ್ಕೆ ಬರುವ ದಿನಗಳಲ್ಲಿ ಸ್ವಯಂಸೇವಕರು ನದಿ ಪಕ್ಕ ಹಗಲು ರಾತ್ರಿ ಕಾವಲು ಕೂರುತ್ತಾರೆ. ಆದರೆ ಇಲ್ಲಿ ಒಂದು ಹಳೆಯ ಅನ್ಯಾಯವೂ ಇದೆ, ಅದನ್ನು ಬಿಟ್ಟು ಹೇಳಲಾಗದು. ಮೆನೊಮಿನಿ ಮೂಲನಿವಾಸಿಗಳಿಗೆ ಈ ಮೀನು ಪವಿತ್ರ. ವುಲ್ಫ್ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ಅವರ ಕೆಶೀನಾ ಜಲಪಾತಕ್ಕೆ ಸ್ಟರ್ಜನ್ ಬರುವುದೇ ನಿಂತಿತು. ಈಚೆಗೆ ಮೀನುಗಳನ್ನು ಹಿಡಿದು, ಅಣೆಕಟ್ಟು ದಾಟಿಸಿ ನದಿಯ ಮೇಲ್ಭಾಗಕ್ಕೆ ಸಾಗಿಸುತ್ತಿದ್ದಾರೆ.

ಈಗ ನನ್ನ ಚಿಂತೆ ಮಂಜುಗಡ್ಡೆಯದ್ದು. 2024ರ ಚಳಿಗಾಲದಲ್ಲಿ ಅದು ತೀರಾ ತೆಳುವಾಗಿತ್ತು, ಎಷ್ಟೋ ಜನ ಸರೋವರಕ್ಕೆ ಇಳಿಯಲೇ ಇಲ್ಲ. ಮೀನಿಗೆ ಒಳ್ಳೆಯದೇ ಆಯಿತಲ್ಲ ಅನ್ನಿಸಬಹುದು. ಆದರೆ ಕೇಂದ್ರಕ್ಕೆ ಬರುವ ಮೀನು ಕಮ್ಮಿಯಾದಷ್ಟೂ ಟ್ಯಾಗ್ ಸಿಗುವುದೂ ಕಮ್ಮಿ, ಅಂದಾಜು ಅಷ್ಟೇ ಸಡಿಲ. ಇಂಥ ಚಳಿಗಾಲಗಳು ಸಾಲಾಗಿ ಬಂದರೆ ವಸಂತದ ಬಲೆಯನ್ನೇ ಜಾಸ್ತಿ ನೆಚ್ಚಿಕೊಳ್ಳಬೇಕಾಗುತ್ತದೆ.