ಸಂಜೆ ಏಳರ ರಚ್ಚೆ

ತಂಗಿಯ ಮಗನಿಗೆ ಆಗ ಐದು ವಾರ. ಬಾಣಂತನಕ್ಕೆ ಅವಳು ತಿಪಟೂರಿಗೆ, ಅಮ್ಮನ ಮನೆಗೆ ಬಂದಿದ್ದಳು. ಹಗಲೆಲ್ಲ ಕೂಸು ಆರಾಮಾಗಿ ಇರುತ್ತಿತ್ತು. ಎಣ್ಣೆ ಹಚ್ಚಿ, ನೀರು ಹಾಕಿ ಮಲಗಿಸಿದರೆ ಎರಡು ಮೂರು ಗಂಟೆ ಗಡದ್ದು ನಿದ್ದೆ. ದೀಪ ಹಚ್ಚುವ ಹೊತ್ತಿಗೆ ಮಾತ್ರ ರಚ್ಚೆ ಶುರುವಾಗುತ್ತಿತ್ತು. ಮುಖ ಕೆಂಪೇರುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು, ಮೊಣಕಾಲು ಹೊಟ್ಟೆಗೆ ಬರುತ್ತಿತ್ತು. ಎದೆಗೆ ಹಾಕಿಕೊಂಡರೆ ಎರಡು ಸಲ ಚೀಪಿ ಬಿಟ್ಟು ಮತ್ತೆ ಕಿರುಚಾಟ.

"ಹೊಟ್ಟೆ ಹಿಡ್ಕೊಂಡಿದೆ" ಎಂದು ಅಮ್ಮ ಇಂಗು ಕದಡಿ ಹೊಕ್ಕಳ ಸುತ್ತ ಸವರುತ್ತಿದ್ದಳು. "ಹಾಲು ಸಾಲ್ತಿಲ್ಲ ಕಣೇ, ಡಬ್ಬದ ಹಾಲು ಹಾಕು" ಎಂದು ಪಕ್ಕದ ಮನೆಯ ದೊಡ್ಡಮ್ಮ ಹೇಳುತ್ತಿದ್ದರು. ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಒಂದು ರಾತ್ರಿ ತಂಗಿ ಕೇಳಿದಳು: "ಅಕ್ಕ, ಮಗು ಯಾಕೆ ಅಳ್ತಿದೆ ಅಂತ ತಾಯಿಗೆ ಗೊತ್ತಾಗತ್ತೆ ಅಂತಾರಲ್ವಾ? ನಂಗೆ ಯಾಕೆ ಗೊತ್ತಾಗ್ತಿಲ್ಲ?"

ಅವಳ ಕಣ್ಣಲ್ಲಿ ನೀರಿತ್ತು. ಈ ಪ್ರಶ್ನೆ ಎಷ್ಟು ಬಾಣಂತಿಯರನ್ನು ಒಳಗೊಳಗೇ ಕೊರೆಯುತ್ತಿದೆಯೋ. ಅವರಿಗೆಲ್ಲ ನಾನು ಹೇಳಬೇಕೆಂದಿರುವುದು ಇಷ್ಟೇ: ಬರೀ ದನಿ ಕೇಳಿ ಅಳುವಿನ ಕಾರಣ ಹೇಳುವುದು ತಾಯಿಗೂ ಆಗುವುದಿಲ್ಲ, ಡಾಕ್ಟರಿಗೂ ಆಗುವುದಿಲ್ಲ. ಕಂಪ್ಯೂಟರಿಗೂ ಆಗಿಲ್ಲ.

ಹಸಿವಿಗೆ ಒಂದು ಅಳು, ನಿದ್ದೆಗೆ ಒಂದು ಅಳು, ಗ್ಯಾಸಿಗೆ ಇನ್ನೊಂದು ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಅಳು ಕೇಳಿಸಿದರೆ ಕಾರಣ ಹೇಳುತ್ತೇವೆ ಎನ್ನುವ ಮೊಬೈಲ್ ಆ್ಯಪ್‌ಗಳೂ ಬಂದಿವೆ. ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ನಿಕೋಲಾ ಮಾತೆವಾನ್ ಅವರ ತಂಡ ಇದನ್ನು ಪರೀಕ್ಷೆ ಮಾಡಿ ನೋಡಿತು. 24 ಕೂಸುಗಳ ಮನೆಯಲ್ಲಿ ರೆಕಾರ್ಡರ್ ಇಟ್ಟರು. ಹದಿನೈದು ದಿನದ ಕೂಸಿನಿಂದ ಹಿಡಿದು ಮೂರೂವರೆ ತಿಂಗಳು ಆಗುವವರೆಗೆ, ನಾಲ್ಕು ಸಲ, ಒಂದೊಂದು ಸಲವೂ ಎರಡು ದಿನ ಅಳು ದಾಖಲಿಸಿದರು. ಏನು ಮಾಡಿದಾಗ ಅಳು ನಿಂತಿತು ಎಂದು ಅಪ್ಪ ಅಮ್ಮ ಬರೆದಿಟ್ಟರು. ಹಾಲು ಕೊಟ್ಟಾಗ ನಿಂತರೆ ಹಸಿವು, ಎತ್ತಿಕೊಂಡಾಗ ನಿಂತರೆ ಒಂಟಿತನ, ಬಟ್ಟೆ ಬದಲಿಸಿದಾಗ ನಿಂತರೆ ಮೈಗೆ ಕಿರಿಕಿರಿ. ಹೀಗೆ ಸಿಕ್ಕ ಸುಮಾರು 40,000 ಅಳುವಿನ ತುಣುಕುಗಳನ್ನು ಕಂಪ್ಯೂಟರಿಗೆ ಕಲಿಸಿದರು. ಮೂರು ಕಾರಣಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಹೇಳಿದರೂ ನೂರಕ್ಕೆ 33 ಸಲ ಸರಿಯಾಗುತ್ತದೆ. ಕಂಪ್ಯೂಟರ್ ಹೇಳಿದ್ದು 36 ಸಲ ಸರಿಯಾಯಿತು. ಮನುಷ್ಯರು ಕೇಳಿ ಹೇಳಿದಾಗಲೂ ಹೆಚ್ಚುಕಡಿಮೆ ಅಷ್ಟೇ. 2023ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಆದರೆ ಅಳುವಿನಲ್ಲಿ ಏನೂ ಇಲ್ಲ ಅಂತಲ್ಲ. ಇದು ಯಾರ ಕೂಸು ಎನ್ನುವುದು ಇರುತ್ತದೆ. ಹತ್ತು ಕೂಸುಗಳ ನಡುವೆಯೂ ತನ್ನದನ್ನು ತಾಯಿ ಗುರುತಿಸುವುದು ನಿಜ. ಸಂಕಟ ಎಷ್ಟಿದೆ ಎನ್ನುವುದೂ ಇರುತ್ತದೆ. ಇದೇ ತಂಡದವರು ಸ್ನಾನದ ಹೊತ್ತಿನ ಅಳುವನ್ನೂ ಲಸಿಕೆ ಚುಚ್ಚಿದಾಗಿನ ಅಳುವನ್ನೂ ಜನರಿಗೆ ಕೇಳಿಸಿದ್ದಾರೆ. ಎಳೆಮಕ್ಕಳನ್ನು ಆಡಿಸಿ ಬೆಳೆಸಿದವರು ಎರಡನ್ನೂ ಬೇರೆ ಮಾಡಿ ಹೇಳಬಲ್ಲರು. ನೋವು ಜಾಸ್ತಿಯಾದಾಗ ಕೂಸು ಪೂರ್ತಿ ಬಲ ಹಾಕಿ ಗಾಳಿ ತಳ್ಳುತ್ತದೆ. ಗಂಟಲಿನ ಪುಟ್ಟ ಪೊರೆಗಳು ಒಂದೇ ಲಯದಲ್ಲಿ ಅದುರುವುದನ್ನು ಬಿಟ್ಟು ಹೇಗೆಹೇಗೋ ಅದುರುತ್ತವೆ. ಆಗ ದನಿ ಒಡೆದು ಒರಟಾಗುತ್ತದೆ. ಬಾಗಿಲು ಬಡಿಯುವ ಸದ್ದಿನಿಂದ ಬಂದವರ ಅವಸರ ತಿಳಿಯುತ್ತದೆ, ಬಂದ ಕೆಲಸ ತಿಳಿಯುವುದಿಲ್ಲ. ಹಾಗೆಯೇ ಇದು.

ಹಾಗಿದ್ದರೆ ಅಜ್ಜಿಯಂದಿರು ಹೇಗೆ ಥಟ್ಟನೆ ಹೇಳುತ್ತಿದ್ದರು? ಅವರು ಕೇಳುತ್ತಿದ್ದದ್ದಕ್ಕಿಂತ ನೋಡುತ್ತಿದ್ದದ್ದು ಜಾಸ್ತಿ. ಕಡೆಯ ಸಲ ಹಾಲು ಕುಡಿದು ಎಷ್ಟು ಹೊತ್ತಾಯಿತು? ಬಟ್ಟೆ ಒದ್ದೆಯಾಗಿದೆಯಾ? ತೇಗು ಬಂತಾ? ಎದ್ದು ಎಷ್ಟು ಹೊತ್ತಾಯಿತು? ಒಂದು ತಿಂಗಳ ಕೂಸು ಒಂದು ಗಂಟೆ ಎಚ್ಚರವಿದ್ದರೆ ಅದೇ ಹೆಚ್ಚು. ನೆಂಟರೆಲ್ಲ ಕೈಯಿಂದ ಕೈಗೆ ಎತ್ತಿಕೊಂಡು ಮಾತಾಡಿಸಿದ ದಿನ ಕೂಸು ದಣಿದು, ನಿದ್ದೆ ಮಾಡಲೂ ಆಗದೆ ಅಳುತ್ತದೆ. ಇನ್ನು ನಮ್ಮಲ್ಲಿ ಬೇಸಿಗೆಯಲ್ಲೂ ಸ್ವೆಟರ್, ಟೋಪಿ, ಕಾಲುಚೀಲ ಹಾಕಿ ಮೇಲೊಂದು ದುಪಟಿ ಸುತ್ತುತ್ತಾರೆ. ಕೈಕಾಲು ತಣ್ಣಗಿರುವುದು ಎಳೆಕೂಸಿಗೆ ಸಹಜ. ಸೆಕೆಯೋ ಚಳಿಯೋ ನೋಡಬೇಕಾದರೆ ಕತ್ತಿನ ಹಿಂದೆ ಅಥವಾ ಎದೆ ಮುಟ್ಟಿ ನೋಡಬೇಕು. ಬೆವರಿದ್ದರೆ ಒಂದು ಪದರ ತೆಗೆಯಿರಿ.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಗಾದೆ ದೊಡ್ಡವರಿಗೆ ಸರಿ. ಎಳೆಕೂಸು ಹಸಿವನ್ನು ಅಳುವುದಕ್ಕೆ ಮೊದಲೇ ಹೇಳುತ್ತದೆ. ನಾಲಿಗೆ ಆಡಿಸುತ್ತದೆ, ಮುಷ್ಟಿಯನ್ನು ಬಾಯಿಗೆ ತರುತ್ತದೆ, ಕೆನ್ನೆಗೆ ಬೆರಳು ತಾಗಿದರೆ ಆ ಕಡೆ ಬಾಯಿ ತೆರೆದು ತಿರುಗುತ್ತದೆ. ಇದನ್ನು ಯಾರೂ ನೋಡದಿದ್ದಾಗ ಅಳು ಬರುತ್ತದೆ. ಜೋರಾಗಿ ಅಳುವ ಕೂಸಿಗೆ ಮೊಲೆ ಹಿಡಿಯಲೂ ಕಷ್ಟ. ಮೊದಲು ಎದೆಗವಚಿ ಸಮಾಧಾನ ಮಾಡಿ ಆಮೇಲೆ ಕುಡಿಸಬೇಕು. ದಿನಕ್ಕೆ 8ರಿಂದ 12 ಸಲ ಹಾಲು ಕೇಳುವುದು ಮಾಮೂಲು.

ಹಾಲು ಸಾಲುತ್ತಿದೆಯಾ ಎಂಬ ಪ್ರಶ್ನೆಗೆ ಉತ್ತರ ಅಳುವಿನಲ್ಲಿಲ್ಲ, ಒದ್ದೆ ಬಟ್ಟೆಯಲ್ಲಿದೆ. ಐದು ದಿನ ದಾಟಿದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದರೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬಂದು ಆಮೇಲೆ ಏರುತ್ತಿದ್ದರೆ, ಹಾಲು ಸಾಲುತ್ತಿದೆ. ಸಂಜೆಯ ಅಳು ನೋಡಿ ಡಬ್ಬದ ಹಾಲು ಶುರು ಮಾಡಿದರೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪಿದಷ್ಟೇ ಹಾಲು ಊರುವುದು. ಕಡೆಗೆ ನಿಜವಾಗಿಯೂ ಹಾಲು ಸಾಲದಂತಾಗುತ್ತದೆ. ಇದು ನನಗೆ ತುಂಬ ಬೇಸರ ತರುವ ವಿಷಯ. ಎಷ್ಟೋ ತಾಯಂದಿರು ಸುಮ್ನೆ ಒಂದು ಮಾತಿಗೆ ಹೆದರಿ ಹಾಲು ಬಿಡಿಸಿದ್ದಾರೆ.

ಎಲ್ಲ ನೋಡಿದ ಮೇಲೂ ಅಳು ನಿಲ್ಲದಿದ್ದರೆ, ಅದೂ ದಿನಾ ಅಳುವ ಹೊತ್ತಲ್ಲದ ಹೊತ್ತಿನಲ್ಲಿ ಅತ್ತರೆ, ಕೂಸಿನ ಬಟ್ಟೆ ಪೂರ್ತಿ ಬಿಚ್ಚಿ ಅಡಿಯಿಂದ ಮುಡಿಯವರೆಗೆ ನೋಡಬೇಕು. ಎರಡು ತಿಂಗಳು ತುಂಬಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಕೂಸು ಹಾಗೆ ಅತ್ತಿತು. ಬಟ್ಟೆ ಬಿಚ್ಚಿದೆವು. ಹೊಟ್ಟೆ ಮೆತ್ತಗಿತ್ತು, ತೊಡೆಸಂದಿಯಲ್ಲಿ ಗಂಟಿರಲಿಲ್ಲ, ಕಿವಿ ಮುಟ್ಟಿದರೆ ಏನೂ ಆಗಲಿಲ್ಲ. ಎಡಗಾಲಿನ ಕಾಲುಚೀಲ ತೆಗೆದಾಗ ಮೂರನೇ ಬೆರಳು ಕೆಂಪು ದ್ರಾಕ್ಷಿಯಂತೆ ಊದಿತ್ತು. ಬುಡದಲ್ಲಿ ದಾರ ಕಟ್ಟಿದ ಹಾಗೆ ಒಂದು ಗೆರೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ತಂಗಿಯ ತಲೆಗೂದಲು. ಬಾಣಂತಿಯರಿಗೆ ಕೂದಲು ಜಾಸ್ತಿ ಉದುರುತ್ತದೆ. ಒಂದೆಳೆ ಕಾಲುಚೀಲದೊಳಗೆ ಸೇರಿ ಎರಡು ಸುತ್ತು ಬಿಗಿದಿತ್ತು. ಅಮ್ಮ ಕಾಲು ಅಲ್ಲಾಡದಂತೆ ಹಿಡಿದಳು, ನಾನು ಉಗುರಿನ ತುದಿಯಿಂದ ಎಳೆ ಎತ್ತಿ ಪುಟ್ಟ ಕತ್ತರಿಯಿಂದ ಕತ್ತರಿಸಿದೆ. ಹತ್ತು ನಿಮಿಷದಲ್ಲಿ ಅಳು ನಿಂತಿತು. ಕೂದಲು ಕಾಣದಷ್ಟು ಒಳಗೆ ಹೋಗಿದ್ದರೆ, ಬೆರಳು ನೀಲಿಗಟ್ಟಿದ್ದರೆ ಮನೆಯಲ್ಲಿ ಕೈ ಹಾಕದೆ ಆಸ್ಪತ್ರೆಗೆ ಓಡಬೇಕು. ರಕ್ತ ಹರಿಯದೆ ಬೆರಳೇ ಹೋಗಬಹುದು.

ಆದರೆ ಸಂಜೆ ಏಳರ ಅಳುವಿಗೆ ಇಂಥ ಕಾರಣ ಯಾವುದೂ ಸಿಗಲಿಲ್ಲ.

ಅಮೆರಿಕದ ಮಕ್ಕಳ ಡಾಕ್ಟರ್ ಬೆರಿ ಬ್ರೇಜಲ್ಟನ್ 80 ತಾಯಂದಿರಿಗೆ ಮಗು ಅತ್ತ ಹೊತ್ತನ್ನು ದಿನಾ ಬರೆದಿಡಲು ಹೇಳಿದ್ದರು. 1962ರಲ್ಲಿ ಆ ಲೆಕ್ಕ ಪ್ರಕಟಿಸಿದರು. ಆರೋಗ್ಯವಾಗಿದ್ದ ಕೂಸುಗಳೇ ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದು ಮುಕ್ಕಾಲು ಗಂಟೆ ಅಳುತ್ತಿದ್ದವು. ಆರನೇ ವಾರಕ್ಕೆ ಅದು ಎರಡು ಮುಕ್ಕಾಲು ಗಂಟೆಗೆ ಏರಿತು. ಹನ್ನೆರಡನೇ ವಾರಕ್ಕೆ ಒಂದು ಗಂಟೆಗೂ ಕಡಿಮೆ. ಹೆಚ್ಚಿನ ಅಳು ಸಂಜೆಯೇ. ಆಮೇಲೆ ಬೇರೆ ಕಡೆ ಲೆಕ್ಕ ಹಾಕಿದಾಗ ಗಂಟೆಗಳು ಹೆಚ್ಚುಕಡಿಮೆಯಾದರೂ ಮೊದಲ ವಾರಗಳಲ್ಲಿ ಜಾಸ್ತಿ, ಮೂರು ತಿಂಗಳಿಗೆ ಕಡಿಮೆ ಎನ್ನುವುದು ಬದಲಾಗಲಿಲ್ಲ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಬೇಟೆಯಾಡಿ ಬದುಕುತ್ತಿದ್ದ ಕುಂಗ್ ಬುಡಕಟ್ಟಿನ ತಾಯಂದಿರು ಕೂಸನ್ನು ದಿನವಿಡೀ ಮೈಗೆ ಕಟ್ಟಿಕೊಂಡಿರುತ್ತಿದ್ದರು, ಗಂಟೆಗೆ ಮೂರು ನಾಲ್ಕು ಸಲ ಹಾಲು ಕೊಡುತ್ತಿದ್ದರು. ಅಲ್ಲಿಯ ಕೂಸುಗಳೂ ಮೊದಲ ತಿಂಗಳುಗಳಲ್ಲೇ ಹೆಚ್ಚು ಅಳುತ್ತಿದ್ದವು. ಅಳುವ ಸಲಗಳು ಕಡಿಮೆಯಿರಲಿಲ್ಲ, ಪ್ರತಿ ಸಲ ಅಳುವ ಹೊತ್ತು ಮಾತ್ರ ಕಡಿಮೆಯಿತ್ತು. ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯ ಅನಿಸುತ್ತದೆ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿನ ರಚ್ಚೆ ಹುಟ್ಟಿದ ಆರು ವಾರಕ್ಕೆ ಏರುವುದಿಲ್ಲ, ದಿನ ತುಂಬಬೇಕಿದ್ದ ತಾರೀಕಿನಿಂದ ಆರು ವಾರಕ್ಕೆ ಏರುತ್ತದೆ. ತಪ್ಪು ಹಾಲಿನದ್ದೋ ತಾಯಿ ತಿಂದ ಬದನೆಕಾಯಿಯದ್ದೋ ಆಗಿದ್ದರೆ ಹೀಗಾಗುತ್ತಿತ್ತೇ? ಇದು ಮಿದುಳು ಬಲಿಯುವ ದಾರಿಯಲ್ಲಿ ಬರುವ ಒಂದು ಘಟ್ಟ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ಕಾಲು ಮಡಚುವುದು, ಹೊಟ್ಟೆ ಗಟ್ಟಿಯಾಗುವುದು? ಬಲ ಹಾಕಿ ಅತ್ತರೆ ಯಾವ ಕೂಸಿನ ಹೊಟ್ಟೆಯೂ ಬಿಗಿಯುತ್ತದೆ. ಅಳುವಾಗ ಗಾಳಿಯೂ ಒಳಗೆ ಹೋಗುತ್ತದೆ, ಆಮೇಲೆ ಅದು ಹೂಸಾಗಿ ಹೊರಗೆ ಬರುತ್ತದೆ. ಎಷ್ಟೋ ಸಲ ಗ್ಯಾಸು ಅಳುವಿನಿಂದಲೇ ಬಂದಿರುತ್ತದೆ. ಗ್ಯಾಸಿಗೆಂದು ಕೊಡುವ ಸಿಮೆಥಿಕೋನ್ ಡ್ರಾಪ್ಸ್ ಪರೀಕ್ಷೆಗಳಲ್ಲಿ ಬರೀ ಸಿಹಿ ದ್ರವಕ್ಕಿಂತ ಹೆಚ್ಚಿನ ಗುಣ ತೋರಿಸಲಿಲ್ಲ. ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನಲ್ಲಿ. ಹಳೆಯ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯವೂ ಇತ್ತು. ಈಗ ಮದ್ಯ ತೆಗೆದಿದ್ದಾರೆ. ಆದರೂ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಅಜ್ಜಿಯರು ಪ್ರೀತಿಯಿಂದ ನೆಕ್ಕಿಸುವ ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವನ್ನು ಎಳೆಗರುಳು ತಡೆಯಲಾರದು. ಹೊಕ್ಕಳ ಮೇಲಿನ ಇಂಗಿಗೆ ನಾನು ಏನೂ ಹೇಳಲಿಲ್ಲ. ಸವರುವಾಗ ಅಮ್ಮನ ಬೆಚ್ಚಗಿನ ಕೈ ಹೊಟ್ಟೆಯ ಮೇಲೆ ಇರುತ್ತಿತ್ತು. ಅದು ಒಳ್ಳೆಯದೇ.

ಎತ್ತಿಕೊಂಡು ನಡೆಯುವುದು ಕೆಲಸ ಮಾಡುತ್ತದೆ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಅವರ ತಂಡ ಕೂಸುಗಳ ಎದೆಬಡಿತ ಅಳೆದು ನೋಡಿತು. ತಾಯಿ ಎತ್ತಿಕೊಂಡು ಕೂತರೆ ಇಳಿಯದ ಬಡಿತ, ಎದ್ದು ನಡೆಯಲು ಶುರು ಮಾಡಿದ ಕೆಲವೇ ಸೆಕೆಂಡಿನಲ್ಲಿ ಇಳಿಯಿತು. ಇಲಿಮರಿಯನ್ನು ತಾಯಿ ಕಚ್ಚಿ ಎತ್ತಿದಾಗಲೂ ಹೀಗೆಯೇ, ಅದು ಮೈ ಸಡಿಲ ಬಿಟ್ಟು ಸುಮ್ಮನಾಗುತ್ತದೆ. 2022ರಲ್ಲಿ ಅವರು ಒಂದು ದಾರಿಯನ್ನೂ ಹೇಳಿದರು: ನಿಲ್ಲದೆ ಐದು ನಿಮಿಷ ನಡೆಯಿರಿ, ಕೂಸು ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಎತ್ತಿಕೊಂಡು ಕೂತಿರಿ, ಆಮೇಲೆ ಮೆಲ್ಲಗೆ ಕೆಳಗೆ ಬಿಡಿ. ನಿದ್ದೆ ಹತ್ತಿದ ತಕ್ಷಣ ಮೈಯಿಂದ ಬೇರೆ ಮಾಡಿದರೆ ಎದೆಬಡಿತ ಏರಿ ಎಚ್ಚರವಾಗುತ್ತದೆ.

ಇದೂ ಕೆಲವು ಸಂಜೆ ಸಾಲದು. ಕೈ ಸೋತು, ತಲೆ ಕೆಟ್ಟು, ಕೂಸನ್ನು ಹಿಡಿದು ಅಲುಗಾಡಿಸಿಬಿಡೋಣ ಎನಿಸುವ ಗಳಿಗೆ ಒಳ್ಳೆಯ ತಾಯಿ ತಂದೆಯರಿಗೂ ಬರುತ್ತದೆ. ಆಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಪಕ್ಕದ ಕೋಣೆಗೆ ಹೋಗಿ. ಹತ್ತು ನಿಮಿಷ ಅತ್ತರೆ ಅದಕ್ಕೆ ಏನೂ ಆಗುವುದಿಲ್ಲ. ಅಲುಗಾಡಿಸಿದರೆ ಮಿದುಳಿನ ಸುತ್ತ ರಕ್ತ ಒಸರಿ ಪ್ರಾಣವೇ ಹೋಗಬಹುದು.

ಡಾಕ್ಟರ ಹತ್ತಿರ ಓಡಬೇಕಾದದ್ದು ಅಳು ಜಾಸ್ತಿಯಾದಾಗ ಮಾತ್ರವಲ್ಲ. ಅಳು ಕ್ಷೀಣವಾದಾಗ, ನರಳಿದಂತೆ ಆದಾಗ ಇನ್ನೂ ಬೇಗ ಓಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ನೆತ್ತಿ ಉಬ್ಬಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಬ್ರೇಜಲ್ಟನ್ ಅವರ ಲೆಕ್ಕದ ವಿಷಯ ಹೇಳಿದ ಮೇಲೆ ತಂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಲು ಶುರು ಮಾಡಿದಳು. ಹತ್ತು ನಿಮಿಷದ ಅಳುವಿಗೆ ಒಂದು ಗೀಟು. ಆರನೇ ವಾರದ ಒಂದು ಮನೆಯಲ್ಲಿ ಹದಿನೇಳು ಗೀಟು ಇಕ್ಕಟ್ಟಾಗಿ ತಾರೀಕನ್ನೇ ಮುಚ್ಚಿವೆ. ಒಂಬತ್ತನೇ ವಾರದಲ್ಲಿ ಹತ್ತು, ಎಂಟು. ಹನ್ನೊಂದನೇ ವಾರದಲ್ಲಿ ಐದು, ನಾಲ್ಕು. ಅದರ ಮುಂದಿನ ಸಾಲಿನಲ್ಲಿ ಹಾಲಿನವನಿಗೆ ಕೊಟ್ಟ ದುಡ್ಡಿನ ಲೆಕ್ಕ ಮಾತ್ರ ಇದೆ. ಗೀಟು ಹಾಕುವುದು ಅವಳಿಗೆ ಮರೆತೇ ಹೋಗಿತ್ತು.